ಗ್ರಾಫ್ ಪುನರ್ಲೇಖನವೂ ಸಮಾಂತರ ಗಣಕಗಳೂ

‘ಇದನ್ನು ಮಾಡು, ಅನಂತರ ಅದನ್ನು ಮಾಡು’ ಎಂದು ಗಣಕಯಂತ್ರಕ್ಕೆ ಆಜ್ಞೆಗಳನ್ನು ಸಾಲಾಗಿ ಕೊಡುವುದು ರೂಢಿ. ಈ ಕ್ರಮವನ್ನು ತೊರೆದು, ಬೇಕಾದ ಫಲವನ್ನು ಸಮೀಕರಣಗಳಿಂದ ನಿರೂಪಿಸುವ ಭಾಷೆಗಳೂ ಉಂಟು. ಇವನ್ನು ನಿರೂಪಣಾತ್ಮಕ ಭಾಷೆಗಳೆನ್ನಬಹುದು. ಆಜ್ಞಾಭಾಷೆಯಾದ ಫೋರ್ಟ್ರಾನಿನ ನಿರ್ಮಾತೃ ಜಾನ್ ಬ್ಯಾಕಸರೇ ೧೯೭೭ರ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಹಳೆಯ ಪದ್ಧತಿಯನ್ನು ಖಂಡಿಸಿದುದು ಗಮನಾರ್ಹ.

ಈ ಭಾಷೆಗಳನ್ನು ಯಂತ್ರದಲ್ಲಿ ನಡೆಸುವ ಬಗೆ ಹೇಗೆ? ‘ಒಂದು ಸಂಖ್ಯೆಯ ವರ್ಗವೆಂದರೆ ಅದನ್ನು ಅದರಿಂದಲೇ ಗುಣಿಸಿದ ಫಲ’ ಎಂಬುದು ನಿಯಮವಾಗಿರಲಿ. ೩+೪ರ ವರ್ಗವನ್ನು ಕಾಗದದ ಮೇಲೆ ಬಿಡಿಸಿದರೆ (೩+೪)×(೩+೪) ಎಂದಾಗಿ, ಒಂದೇ ಕೂಡಿಕೆಯನ್ನು ಎರಡು ಸಲ ಮಾಡಬೇಕಾಗುತ್ತದೆ. ಇದಕ್ಕೆ ಪರಿಹಾರ ಗ್ರಾಫ್. ಇಲ್ಲಿ ಗ್ರಾಫ್ ಎಂದರೆ ಚೌಕುಳಿ ಕಾಗದದ ವಕ್ರರೇಖೆಯಲ್ಲ. ಗಂಟುಗಳೂ ಅವನ್ನು ಜೋಡಿಸುವ ಬಾಣಗಳೂ ಕೂಡಿದ ರಚನೆ. ಗುಣಾಕಾರದ ಗಂಟಿನಿಂದ ಹೊರಡುವ ಎರಡು ಬಾಣಗಳೂ ‘೩+೪’ ಎಂಬ ಒಂದೇ ಗಂಟನ್ನು ಮುಟ್ಟುತ್ತವೆ. ಅಲ್ಲಿ ೭ ಎಂದು ತಿದ್ದಿದೊಡನೆ ಎರಡು ಕಡೆಗೂ ಫಲ ಒದಗುತ್ತದೆ. ಲ್ಯಾಂಬ್ಡಾ ಕಲನಕ್ಕೆ ಈ ವಿಧಾನವನ್ನು ವಿವರಿಸಿದವರು ಕ್ರಿಸ್ಟೋಫರ್ ವಾಡ್ಸ್‌ವರ್ತ್, ೧೯೭೧ರ ತಮ್ಮ ಆಕ್ಸ್‌ಫರ್ಡ್ ಪ್ರಬಂಧದಲ್ಲಿ.

ಅದೇ ಕಲನವನ್ನು ಕುರಿತು ಚರ್ಚ್ ಮತ್ತು ರಾಸರ್ ೧೯೩೬ರಲ್ಲಿ ಸಾಧಿಸಿದ ಪ್ರಮೇಯದಂತೆ, ಬಿಡಿಸುವ ಕ್ರಮ ಯಾವುದೇ ಆಗಲಿ, ಕೊನೆಯ ಉತ್ತರವೊಂದು ದೊರೆತರೆ ಅದು ಒಂದೇ. ಹೀಗಿರಲು, ಗ್ರಾಫಿನ ಬೇರೆ ಬೇರೆ ಭಾಗಗಳನ್ನು ಹಲವು ಪ್ರೊಸೆಸರುಗಳಿಗೆ ಏಕಕಾಲದಲ್ಲಿ ಏಕೆ ಒಪ್ಪಿಸಬಾರದು? ಈ ಆಸೆಯಿಂದಲೇ ೧೯೮೦ರ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಆಲಿಸ್, ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರಿಪ್ ಎಂಬ ಯಂತ್ರಗಳು ರೂಪುಗೊಂಡವು.

ಕಷ್ಟವಿದ್ದುದು ಹಂಚಿಕೆಯಲ್ಲಿ. ಇಬ್ಬರು ಒಂದೇ ಗಂಟಿಗೆ ಕೈಹಾಕದಂತೆ, ಬಿಡಿಸುತ್ತಿರುವ ಗಂಟಿಗೆ ಗುರುತಿಟ್ಟು ಉಳಿದವರನ್ನು ಕಾಯಿಸಬಹುದು. ಅದು ಸಾಧ್ಯವಾದ ಮಾತು. ಆದರೆ ಎರಡು ಸಂಖ್ಯೆಗಳನ್ನು ಕೂಡಿಸಲು ತಗಲುವ ಕಾಲಕ್ಕಿಂತ, ಆ ಕೆಲಸವನ್ನು ಇನ್ನೊಂದು ಪ್ರೊಸೆಸರಿಗೆ ಕಳುಹಿಸಲು ಹೆಚ್ಚು ಕಾಲ ಬೇಕು. ಸಮಾಂತರ ಕೆಲಸದ ಕೊರತೆ ಎಂದೂ ಇರಲಿಲ್ಲ. ಇದ್ದುದು ತೀರ ಸಣ್ಣ ಚೂರುಗಳಾಗಿತ್ತು. ಇತ್ತ ಸಾಮಾನ್ಯ ಗಣಕಗಳ ವೇಗ ವರ್ಷವರ್ಷಕ್ಕೂ ಏರುತ್ತಿರಲು, ವಿಶೇಷ ಯಂತ್ರಗಳು ಹಿಂದೆ ಬಿದ್ದವು.

ಇದನ್ನು ವಿಫಲ ಪ್ರಯೋಗವೆಂದು ಬರೆದು ಮುಗಿಸುವುದು ಸುಲಭ; ನನಗೆ ಅದು ಸಮ್ಮತವಲ್ಲ. ಗ್ರಿಪ್ ಯಂತ್ರವನ್ನು ಕಟ್ಟಿದವರಲ್ಲೊಬ್ಬರಾದ ಸೈಮನ್ ಪೇಟನ್ ಜೋನ್ಸ್ ಮುಂದೆ ಹ್ಯಾಸ್ಕೆಲ್ ಭಾಷೆಯ ಗ್ಲಾಸ್ಗೋ ಕಂಪೈಲರಿನ ಪ್ರಮುಖ ನಿರ್ಮಾತೃಗಳಲ್ಲಿಯೂ ಒಬ್ಬರಾದರು. ಅದು ಇಂದಿಗೂ ಗ್ರಾಫಿನ ತತ್ತ್ವವನ್ನೇ ಅನುಸರಿಸಿ, ಸಾಮಾನ್ಯ ಗಣಕಗಳ ಮೇಲೆ ನಡೆಯುತ್ತದೆ. ಸಮಾಂತರವಾಗಿ ಬಿಡಿಸಲು ಯೋಗ್ಯವಾದ ಭಾಗವನ್ನು ಅಲ್ಲಿ ಕಾರ್ಯಕ್ರಮ ಬರೆಯುವವನು ‘ಪಾರ್’ ಎಂಬ ಪದದಿಂದ ಸೂಚಿಸಬಹುದು. ಅದು ಸೂಚನೆಯೇ ಹೊರತು ಆಜ್ಞೆಯಲ್ಲ. ಬಿಡುವಾಗಿರುವ ಪ್ರೊಸೆಸರ್ ಇಲ್ಲದಿದ್ದರೆ ಯಂತ್ರವು ಅದನ್ನು ಕಡೆಗಣಿಸುತ್ತದೆ, ಉತ್ತರ ಮಾತ್ರ ಬದಲಾಗುವುದಿಲ್ಲ.