ಅವಳಿ ಮಕ್ಕಳಿಗಾಗಿ ಸಿದ್ಧತೆ

ಚಿಕ್ಕೋಡಿ ತಾಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ಮಿತ್ರರು ಕಾರ್ತಿಕ ಮಾಸದ ಒಂದು ಸಂಜೆ ಉದ್ದವಾದ ಪಟ್ಟಿಯೊಂದನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಅವರ ಪತ್ನಿ ಆರು ತಿಂಗಳ ಗರ್ಭಿಣಿ. ಅವಳಿ ಮಕ್ಕಳೆಂದು ಪರೀಕ್ಷೆಯಿಂದ ತಿಳಿದುಬಂದಿತ್ತು. ತೊಟ್ಟಿಲು ಎರಡು, ದಪ್ಪ ಕಂಬಳಿ ಎರಡು, ಹಾಲಿನ ಬಾಟಲಿ ನಾಲ್ಕು, ಅಗ್ಗಿಷ್ಟಿಕೆಗೆ ಇದ್ದಿಲು ಎರಡು ಚೀಲ, ಇಬ್ಬರನ್ನೂ ಕೂಡಿಸಿ ತಳ್ಳುವ ಗಾಡಿ ಒಂದು—ಹೀಗೆ ಪಟ್ಟಿಯು ಬೆಳೆದಿತ್ತು. ನಿಪ್ಪಾಣಿಯ ಪೇಟೆಗೆ ಹೋಗಿ ಎಲ್ಲವನ್ನೂ ಒಮ್ಮೆಲೇ ತರಬೇಕೆಂಬುದು ಅವರ ಹವಣಿಕೆ. ಮನೆಯ ಅಜ್ಜಿಯ ಅಭಿಪ್ರಾಯ ಬೇರೆ: “ಕೂಸು ಹುಟ್ಟೂಕಿಂತ ಮೊದಲ ತೊಟ್ಟಿಲಾ ತರಬಾರದು.” ಇಬ್ಬರ ನಡುವೆ ಸಿಲುಕಿದ ಮಿತ್ರರು, “ಫಿಜಿಕ್ಸ್ ಕಲಸೂರು ನೀವು, ಏನ ಬೇಕು ಏನ ಬ್ಯಾಡ ನೀವ ಹೇಳ್ರಿ ಸರ” ಎಂದರು.

ನಾವು ವೈದ್ಯರಲ್ಲ. ಆದರೂ ಪಟ್ಟಿಯನ್ನು ಓದುತ್ತ ಹೋದಂತೆ, ಅದರಲ್ಲಿ ಭೌತಶಾಸ್ತ್ರಕ್ಕೆ ಸೇರಿದ ಪ್ರಶ್ನೆಗಳು ಅನೇಕವಿರುವುದು ಕಂಡುಬಂದಿತು. ಅವಳಿ ಮಕ್ಕಳೆಂದರೆ ಎಲ್ಲವೂ ಎರಡೆರಡು ಬೇಕೆ? ನಿಜವಾಗಿ ಇಮ್ಮಡಿಯಾಗಬೇಕಾದುದು ಯಾವುದು?

ಹಿಂದಿನವರಿಗೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಎರಡನೆಯ ಕೂಸಿನ ಸುದ್ದಿ ಎಷ್ಟೋ ಸಲ ಹೆರಿಗೆಯ ಹೊತ್ತಿಗೇ ತಿಳಿಯುತ್ತಿತ್ತು. ಇಂದು ಧ್ವನಿಯೇ ದೂತನಾಗಿದೆ. ನಮ್ಮ ಕಿವಿಗೆ ಕೇಳುವ ಧ್ವನಿಯ ಕಂಪನಗಳು ಸೆಕೆಂಡಿಗೆ ಸುಮಾರು ೨೦,೦೦೦ಕ್ಕೆ ಮುಗಿಯುತ್ತವೆ; ಸ್ಕ್ಯಾನ್ ಯಂತ್ರದ ಧ್ವನಿಯ ಕಂಪನಗಳಾದರೋ ಸೆಕೆಂಡಿಗೆ ಹಲವು ದಶಲಕ್ಷ. ಈ ಧ್ವನಿಯು ದೇಹದ ಮೃದುಭಾಗಗಳಲ್ಲಿ ಸೆಕೆಂಡಿಗೆ ಸುಮಾರು ೧,೫೪೦ ಮೀಟರು ವೇಗದಿಂದ ಸಾಗಿ, ಅಂಗಾಂಗಗಳಿಗೆ ತಾಗಿ ಮರಳಿ ಬರುತ್ತದೆ. ಆ ಪ್ರತಿಧ್ವನಿಗಳೇ ಚಿತ್ರವಾಗಿ ಮೂಡುತ್ತವೆ. ಮಕ್ಕಳೆಷ್ಟು ಎಂಬುದನ್ನು ವೈದ್ಯರು ಹೇಳಬಹುದು. ಗಂಡೋ ಹೆಣ್ಣೋ ಎಂಬುದನ್ನು ಹೇಳುವುದನ್ನು ೧೯೯೪ರ ಕಾಯಿದೆಯು ನಿಷೇಧಿಸಿದೆ.

ಹೀಗೆ ಮುಂಚಿತವಾಗಿ ತಿಳಿದುದು ದೊಡ್ಡ ಉಪಕಾರ. ಏಕೆಂದರೆ ಅವಳಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ೩೭ ವಾರ ತುಂಬುವ ಮೊದಲೇ ಹುಟ್ಟುತ್ತಾರೆ. ತೂಕವೂ ಸಾಮಾನ್ಯವಾಗಿ ಕಡಿಮೆ. ಆದುದರಿಂದ ಸಿದ್ಧತೆಯನ್ನು ಒಂಬತ್ತನೆಯ ತಿಂಗಳಿಗೆ ಬಿಡುವಂತಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಹಂಡೆಯಲ್ಲಿನ ಬಿಸಿನೀರು ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಅದೇ ನೀರನ್ನು ತಂಬಿಗೆಗಳಿಗೆ ಸುರಿದರೆ ಬೇಗನೆ ಆರುತ್ತದೆ. ಉಷ್ಣವು ತುಂಬಿರುವುದು ಗಾತ್ರದಲ್ಲಿ, ಅದು ಹೊರಗೆ ಹೋಗುವುದು ಮೇಲ್ಮೈಯ ಮೂಲಕ. ವಸ್ತು ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದಲ್ಲಿ ಮೇಲ್ಮೈಯು ಹೆಚ್ಚು. ೩.೬ ಕಿಲೋಗ್ರಾಂ ತೂಕದ ಒಂದು ಕೂಸಿನ ಬದಲು ಅದೇ ಆಕಾರದ, ತಲಾ ೧.೮ ಕಿಲೋಗ್ರಾಂ ತೂಕದ ಎರಡು ಕೂಸುಗಳಿವೆಯೆಂದು ಭಾವಿಸಿರಿ. ಒಟ್ಟು ತೂಕವು ಅಷ್ಟೇ. ಆದರೆ ಒಟ್ಟು ಮೇಲ್ಮೈಯು ೨ರ ಘನಮೂಲದಷ್ಟು ಪಟ್ಟು, ಅಂದರೆ ೧.೨೬ ಪಟ್ಟು ಆಗುತ್ತದೆ. ಅವಳಿಯಾಗಿ ಹುಟ್ಟಿದುದಕ್ಕಾಗಿ ಕೂಸುಗಳು ನಿಸರ್ಗಕ್ಕೆ ಕೊಡುವ ತೆರಿಗೆ ಈ ನೂರಕ್ಕೆ ೨೬! ಇನ್ನೂ ಒಂದು ಲೆಕ್ಕ: ೫೪ ಕಿಲೋಗ್ರಾಂ ತೂಕದ ತಾಯಿ, ೨ ಕಿಲೋಗ್ರಾಂ ತೂಕದ ಮಗು. ೨೭ರ ಘನಮೂಲ ೩. ಆಕಾರ ಒಂದೇ ಎಂದಿಟ್ಟುಕೊಂಡರೆ, ಮಗುವಿನ ಒಂದೊಂದು ಕಿಲೋಗ್ರಾಮಿಗೂ ತಾಯಿಗಿಂತ ಮೂರು ಪಟ್ಟು ಮೇಲ್ಮೈಯುಂಟು. ತಾಯಿಗೆ ಹಿತವಾದ ಕೋಣೆಯಲ್ಲಿಯೇ ಮಗುವಿಗೆ ಚಳಿಯಾಗುವುದು ಇದರಿಂದಲೇ. ದೊಡ್ಡವರಂತೆ ನಡುಗಿ ಉಷ್ಣವನ್ನು ಉತ್ಪಾದಿಸಿಕೊಳ್ಳುವ ಶಕ್ತಿಯೂ ನವಜಾತ ಶಿಶುವಿಗೆ ಇಲ್ಲವೆಂದೇ ಹೇಳಬೇಕು. ಅದಕ್ಕಿರುವುದು ಭುಜಗಳ ನಡುವೆ ಮತ್ತು ಕುತ್ತಿಗೆಯ ಬಳಿ ಕೂಡಿಟ್ಟ ಕಂದು ಕೊಬ್ಬು ಮಾತ್ರ. ದಿನ ತುಂಬದೆ ಹುಟ್ಟಿದ ಶಿಶುವಿನಲ್ಲಿ ಅದೂ ಕಡಿಮೆ. ದೇಹದ ಉಷ್ಣತೆ ೩೬.೫ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಪಾಯದ ಆರಂಭವೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಣಿಸುತ್ತದೆ.

ತೇವವು ಚಳಿಯ ಬಂಧು. ಚರ್ಮದ ಮೇಲಿನ ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಉಷ್ಣ ಬೇಕು. ಹತ್ತು ಗ್ರಾಂ ನೀರು ಆವಿಯಾಗಿ, ಅದಕ್ಕೆ ಬೇಕಾದ ಉಷ್ಣವೆಲ್ಲವೂ ೨ ಕಿಲೋಗ್ರಾಂ ತೂಕದ ಕೂಸಿನಿಂದಲೇ ಹೋಯಿತೆನ್ನೋಣ; ಅದರ ಉಷ್ಣತೆಯು ಮೂರು ಡಿಗ್ರಿಗೂ ಮಿಕ್ಕಿ ಇಳಿಯುತ್ತದೆ. ಹುಟ್ಟಿದ ಕೂಡಲೇ ಕೂಸನ್ನು ಒಣಬಟ್ಟೆಯಿಂದ ಒರೆಸುವುದೂ, ಮೊದಲ ಸ್ನಾನವನ್ನು ಕನಿಷ್ಠ ೨೪ ಗಂಟೆ ಮುಂದೂಡುವುದೂ ಈ ಕಾರಣದಿಂದ. ತೀರ ಚಿಕ್ಕ ಕೂಸುಗಳಿಗೆ ವೈದ್ಯರು ಇನ್ನೂ ಹೆಚ್ಚು ದಿನ ತಡೆಯಲು ಹೇಳುವುದುಂಟು.

ಅವಳಿಗೆ ಮೊದಲು ಬೇಕಾದುದು ಜವಳಿ—ಆದರೆ ಅಂಗಡಿಯ ದಪ್ಪ ಕಂಬಳಿಯಲ್ಲ. ಬೆಚ್ಚಗಿಡುವುದು ಬಟ್ಟೆಯಲ್ಲ, ಅದರ ಪದರುಗಳ ನಡುವೆ ಸಿಕ್ಕಿಕೊಂಡ ಗಾಳಿ. ನಮ್ಮ ಅಜ್ಜಿಯರು ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಕಿ ಹೊಲಿದ ಕೌದಿಯ ಗುಟ್ಟೂ ಇದೇ. ಆ ಗಾಳಿಯ ಜಾಗಕ್ಕೆ ನೀರು ಬಂದಿತೆಂದರೆ, ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ಉಷ್ಣವನ್ನು ಸಾಗಿಸುವುದರಿಂದ, ಕೌದಿಯ ಗುಣವೇ ಅಳಿಯುತ್ತದೆ. ಆದುದರಿಂದ ದಪ್ಪ ಹೊದಿಕೆ ಒಂದಕ್ಕಿಂತ ತೆಳುವಾದ ಹತ್ತಿ ಬಟ್ಟೆಗಳು ಅನೇಕವಿರುವುದು ಲೇಸು. ತಲೆಗೆ ಕುಂಚಿಗೆಯಾಗಲಿ ಟೋಪಿಯಾಗಲಿ ಬೇಕು. ಕೂಸಿನ ಮೇಲ್ಮೈಯಲ್ಲಿ ತಲೆಯ ಪಾಲು ದೊಡ್ಡದು. ಒಂದೊಂದು ಕೂಸಿಗೂ ದಿನಕ್ಕೆ ಹತ್ತು ಬಟ್ಟೆ ಎಂದರೂ ಇಬ್ಬರಿಗೆ ಇಪ್ಪತ್ತು. ಅಥಣಿ, ಕಾಗವಾಡಗಳ ಬಿಸಿಲಿನಲ್ಲಿ ಅವು ಮಧ್ಯಾಹ್ನದೊಳಗೆ ಒಣಗಿಯಾವು. ನಿಪ್ಪಾಣಿಯ ಕಡೆಯ ಮಳೆಗಾಲದಲ್ಲಿ ಎರಡು ದಿನವಾದರೂ ಒಣಗಲಾರವು. ಅಲ್ಲಿ ಅರವತ್ತು ಬಟ್ಟೆಗಳೂ ಹೆಚ್ಚಲ್ಲ. ಇವನ್ನು ಕೊಳ್ಳಬೇಕಾದುದೂ ಇಲ್ಲ. ಹಳೆಯ ಧೋತರ, ಸೀರೆಗಳನ್ನು ಒಗೆದು, ಬಿಸಿಲಿಗೆ ಒಣಗಿಸಿ, ಹರಿದಿಟ್ಟರೆ ಸಾಕು. ಈ ಮಾತಿಗೆ ಅಜ್ಜಿಯ ಸಮ್ಮತಿಯೂ ದೊರೆಯಿತು.

ಆದರೆ ಅಗ್ಗಿಷ್ಟಿಕೆಯ ವಿಷಯದಲ್ಲಿ ನಾವು ಅಜ್ಜಿಯೊಡನೆ ಒಪ್ಪದಾದೆವು. ಮುಚ್ಚಿದ ಬಾಣಂತಿಯ ಕೋಣೆಯಲ್ಲಿ ಕೆಂಡವು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ಉಂಟಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ ಬಲದಿಂದ ಅಂಟಿಕೊಳ್ಳುತ್ತದೆ. ಬೆಚ್ಚಗೆ ಮಾಡಲು ಹೋಗಿ ಉಸಿರನ್ನೇ ಕಸಿದಂತಾಗುತ್ತದೆ.

ಹಾಗಾದರೆ ಉಷ್ಣವು ಬರಬೇಕಾದುದೆಲ್ಲಿಂದ? ಸದಾ ೩೭ ಡಿಗ್ರಿಯಲ್ಲಿರುವ, ಹೊಗೆಯಿಲ್ಲದ, ಹಣ ಕೊಡಬೇಕಿಲ್ಲದ ಸಾಧನವೊಂದು ಮನೆಯಲ್ಲಿಯೇ ಇದೆ: ತಾಯಿಯ ಎದೆ. ೧೯೭೮ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಬೆಚ್ಚನೆಯ ಪೆಟ್ಟಿಗೆಗಳು ಸಾಲದೆ ಹೋದಾಗ, ಡಾ. ಎಡ್ಗರ್ ರೇ ಸನಾಬ್ರಿಯಾ ಅವರು ಚಿಕ್ಕ ಶಿಶುಗಳನ್ನು ತಾಯಿಯ ಬರಿಯೆದೆಗೆ ಒರಗಿಸಿ ಬಟ್ಟೆಯಿಂದ ಕಟ್ಟುವ ಕ್ರಮವನ್ನು ಆರಂಭಿಸಿದರು. ಕಾಂಗರೂ ಆರೈಕೆಯೆಂದು ಇದು ಹೆಸರಾಯಿತು. ದೆಹಲಿಯೂ ಸೇರಿ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ, ಸುಮಾರು ೧ರಿಂದ ೧.೮ ಕಿಲೋಗ್ರಾಂ ತೂಕದ ೩,೨೧೧ ಶಿಶುಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶವು ೨೦೨೧ರಲ್ಲಿ ಪ್ರಕಟವಾಯಿತು. ಶಿಶುವಿನ ಸ್ಥಿತಿ ಸುಧಾರಿಸುವವರೆಗೆ ಕಾಯ್ದು ಈ ಆರೈಕೆಯನ್ನು ಕೊಟ್ಟಲ್ಲಿ ೨೮ ದಿನಗಳೊಳಗೆ ನೂರಕ್ಕೆ ೧೫.೭ರಷ್ಟು ಶಿಶುಗಳು ತೀರಿಕೊಂಡರೆ, ಹುಟ್ಟಿದ ಕೂಡಲೇ ಆರಂಭಿಸಿದಲ್ಲಿ ೧೨ರಷ್ಟು. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಪದ್ಧತಿಯನ್ನು ವ್ಯಾಪಕವಾಗಿ ರೂಢಿಗೆ ತರುವ ಕಾರ್ಯ ನಡೆದಿದೆ. ಅವಳಿಗಳಾದಾಗ ಒಂದು ಕೂಸು ತಾಯಿಯ ಎದೆಯ ಮೇಲಿದ್ದರೆ ಇನ್ನೊಂದು ತಂದೆಯ ಅಥವಾ ಅಜ್ಜಿಯ ಎದೆಯ ಮೇಲಿರಬಹುದು.

ಬಾಟಲಿಗಳನ್ನೂ ಪಟ್ಟಿಯಿಂದ ತೆಗೆದೆವು. ತಾಯಿಯ ಹಾಲೇ ಮುಖ್ಯ. ಎಳೆಯ ಕೂಸು ಚೀಪಲಾರದೆ ಹೋದರೆ ಹಿಂಡಿದ ಹಾಲನ್ನು ಕುದಿಸಿ ಶುಚಿಮಾಡಿದ ಒಳಲೆಯಿಂದ ವೈದ್ಯರ ಸಲಹೆಯಂತೆ ಕುಡಿಸಬಹುದು. ಸೇರಿಸಿದ ಹೊಸ ವಸ್ತು ಒಂದೇ—ಉಷ್ಣತಾಮಾಪಕ. ಜೊತೆಗೆ, ೧೦೮ರ ಹೊರತಾಗಿಯೂ ನಡುರಾತ್ರಿ ಕರೆದರೆ ಬರುವ ವಾಹನದವರೊಬ್ಬರ ದೂರವಾಣಿ ಸಂಖ್ಯೆ. ರಾಯಬಾಗ, ಅಥಣಿ, ಕಾಗವಾಡಗಳ ಹಳ್ಳಿಗಳಿಂದ ಮಿರಜಕ್ಕೋ ಬೆಳಗಾವಿಗೋ ಹೋಗಬೇಕಾದಲ್ಲಿ, ಓಡುವ ವಾಹನದ ಕಿಟಕಿಯ ಗಾಳಿಯೂ ಕೂಸಿನ ಉಷ್ಣವನ್ನು ಕದಿಯಬಲ್ಲುದೆಂಬುದು ನೆನಪಿರಬೇಕು.

ಉಳಿದುದು ತೊಟ್ಟಿಲು. ಇದು ಎರಡು ಬೇಕು. ಕೂಸುಗಳು ಬೇರೆ ಬೇರೆಯಾಗಿ, ಸಮತಟ್ಟಾದ ಹಾಸಿನ ಮೇಲೆ, ಅಂಗಾತ ಮಲಗುವುದು ಕ್ಷೇಮ. ತೂಗುವ ತೊಟ್ಟಿಲು ಒಂದು ಲೋಲಕ. ಮೂವತ್ತು ಡಿಗ್ರಿ ಕೋನಕ್ಕೆ ಎಳೆದುಬಿಟ್ಟರೆ, ಕೆಳಗೆ ಬರುವಾಗ ಕೊಕ್ಕೆಯ ಮೇಲಿನ ಎಳೆತವು ತೂಕದ ಒಂದೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಆದುದರಿಂದ ಕೂಸಿಗಿಂತ ಮೊದಲು ಅದರಲ್ಲಿ ಮಲಗಬೇಕಾದುದು ಇಪ್ಪತ್ತು ಕಿಲೋಗ್ರಾಂ ಜೋಳದ ಚೀಲ! ತೂಗಾಟದ ಅವಧಿಯು ಕೂಸಿನ ತೂಕವನ್ನು ಅವಲಂಬಿಸದು, ಹಗ್ಗದ ಉದ್ದವನ್ನು ಅವಲಂಬಿಸುತ್ತದೆ: ಒಂದು ಮೀಟರಿಗೆ ಎರಡು ಸೆಕೆಂಡು, ಎರಡೂಕಾಲು ಮೀಟರಿಗೆ ಮೂರು.

ಸಂಕ್ರಾಂತಿಯ ಮರುವಾರ, ೩೬ ವಾರಗಳಿಗೇ, ಮಿತ್ರರ ಮನೆಗೆ ಇಬ್ಬರು ಬಂದರು, ಒಬ್ಬಳು ೨.೧ ಕಿಲೋಗ್ರಾಂ, ಇನ್ನೊಬ್ಬ ೧.೯. ಆ ಚಳಿಯ ರಾತ್ರಿಗಳನ್ನು ಅವರು ತಾಯಿ, ತಂದೆ, ಅಜ್ಜಿ ಈ ಮೂವರ ಎದೆಗಳ ಮೇಲೆ ಕಳೆದರು. ತೊಟ್ಟಿಲುಗಳು ಬಂದುದು ಅಜ್ಜಿಯ ಇಚ್ಛೆಯಂತೆ ನಾಮಕರಣದ ಹೊತ್ತಿಗೆ. ಒಂದೇ ಜಂತಿಗೆ, ಸಮಾನವಾದ ಹಗ್ಗಗಳಿಂದ ಅವನ್ನು ಕಟ್ಟಿದ್ದರು. ನಾವು ಹೋದಾಗ ಅಜ್ಜಿ ಒಂದನ್ನು ತೂಗುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದೂ ತಾನಾಗಿಯೇ ಮೆಲ್ಲಗೆ ಅಲುಗತೊಡಗಿತು. ೧೬೬೫ರಲ್ಲಿ ಹಾಯ್ಗೆನ್ಸ್ ಎಂಬ ಡಚ್ ವಿಜ್ಞಾನಿಯು ಒಂದೇ ಆಧಾರಕ್ಕೆ ತೂಗುಹಾಕಿದ ಎರಡು ಗಡಿಯಾರಗಳ ಲೋಲಕಗಳು ಒಂದಕ್ಕೊಂದು ಹೊಂದಿಕೊಳ್ಳುವುದನ್ನು ಕಂಡು ಬೆರಗಾಗಿದ್ದನು. ಆಧಾರದ ಸೂಕ್ಷ್ಮ ಚಲನೆಯೇ ಒಂದರ ಶಕ್ತಿಯನ್ನು ಇನ್ನೊಂದಕ್ಕೆ ಒಯ್ಯುತ್ತದೆ. ನಾವು ಇದನ್ನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ತುಟಿಯ ಮೇಲೆ ಬೆರಳಿಟ್ಟರು. ಇಬ್ಬರೂ ಮಲಗಿದ್ದರು.