ಅಂಗೈ ಮೇಲೆ ಎದ್ದು ನಿಲ್ಲುವ ತೆಂಗಿನಕಾಯಿ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಪಶ್ಚಿಮದ ಊರುಗಳಿಗೆ ಮಲೆನಾಡಿನ ಮಳೆ ತಾಕುತ್ತದಾದರೂ, ಅದೇ ಜಿಲ್ಲೆಯ ಮಾಲೇಕಲ್ಲು ತಿರುಪತಿ ಬೆಟ್ಟದ ಸುತ್ತಣ ಅರಸೀಕೆರೆ ಸೀಮೆ ತೆಂಗು, ಕೊಬ್ಬರಿ ಮತ್ತು ರಾಗಿಯನ್ನು ನಂಬಿದ ಬಯಲುನಾಡಾಗಿದ್ದು, ಮಳೆ ಕೈಕೊಟ್ಟ ವರ್ಷಗಳಲ್ಲಿ ತೋಟ ಉಳಿಸಿಕೊಳ್ಳಲು ಅಲ್ಲಿನ ರೈತರಿಗೆ ಕೊಳವೆಬಾವಿಯಲ್ಲದೆ ಬೇರೆ ದಾರಿ ಕಾಣುವುದಿಲ್ಲ. ಕೊರೆಯುವ ಲಾರಿ ಹೊಲಕ್ಕೆ ಬರುವ ಮೊದಲು ಪಾಯಿಂಟ್ ನೋಡುವವರನ್ನು ಕರೆಸುವುದು ರಾಜ್ಯದ ಬಯಲುಸೀಮೆಯಲ್ಲೆಲ್ಲ ಇರುವ ರೂಢಿ. ಅವರಲ್ಲಿ ಕೆಲವರು ಬೇವಿನ ಕವೆಗೋಲು ಹಿಡಿಯುತ್ತಾರೆ, ಕೆಲವರು ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ನಡೆಯುತ್ತಾರೆ. ಕಾಯಿ ಎದ್ದು ನಿಂತ ಜಾಗದಲ್ಲಿ ಒಂದು ಕಲ್ಲು ನೆಟ್ಟು, ಇಷ್ಟು ಅಡಿಗೆ ಇಷ್ಟು ಇಂಚು ನೀರು ಬೀಳುತ್ತದೆ ಎಂದು ಹೇಳುತ್ತಾರೆ. ಕಣ್ಣು, ಕಿವಿ ಮೊದಲಾದ ಇಂದ್ರಿಯಗಳಿಗೆ ನಿಲುಕದ್ದನ್ನು ತಿಳಿಯುವ ಸಾಮರ್ಥ್ಯವನ್ನು ಅತೀಂದ್ರಿಯ ಶಕ್ತಿ ಎನ್ನುವುದಾದರೆ, ನಾಡಿನಲ್ಲಿ ಅತಿ ಹೆಚ್ಚು ಹಣ ಪಣಕ್ಕಿಟ್ಟು ನಂಬಲಾಗುವ ಅತೀಂದ್ರಿಯ ಶಕ್ತಿ ಬಹುಶಃ ಇದೇ ಇರಬೇಕು.

ಕಾಯಿ ಏಳುವುದು ಸುಳ್ಳಲ್ಲ, ಮತ್ತು ಹಿಡಿದವರು ಬೇಕೆಂದೇ ಎಬ್ಬಿಸುತ್ತಾರೆಂದು ಹೇಳುವುದೂ ನ್ಯಾಯವಲ್ಲ. ಚಾಚಿದ ಅಂಗೈ ಮೇಲೆ ಮಲಗಿದ ಕಾಯಿಯ ಸಮತೋಲ ಎಷ್ಟು ನಾಜೂಕಿನದೆಂದರೆ, ಮಣಿಕಟ್ಟು ಕೂದಲೆಳೆಯಷ್ಟು ವಾಲಿದರೂ ಅದು ಹೊರಳುತ್ತದೆ. ‘ಇಲ್ಲಿ ನೀರಿದೆ’ ಎಂಬ ನಿರೀಕ್ಷೆ ಮನಸ್ಸಿಗೆ ಬಂದೊಡನೆ ಸ್ನಾಯುಗಳು ಒಡೆಯನಿಗೇ ತಿಳಿಯದಂತೆ ಆ ವಾಲಾಟವನ್ನು ಮಾಡಿಬಿಡುತ್ತವೆ. ಇಂಥ ಅರಿವಿಲ್ಲದ ಚಲನೆಗೆ ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ವಿಲಿಯಂ ಕಾರ್ಪೆಂಟರ್ 1852ರಲ್ಲಿ ‘ಐಡಿಯೋಮೋಟರ್’ ಎಂಬ ಹೆಸರು ಕೊಟ್ಟನು. ಮರುವರ್ಷ ವಿಜ್ಞಾನಿ ಮೈಕೇಲ್ ಫ್ಯಾರಡೆ, ಪ್ರೇತಗಳು ತಿರುಗಿಸುತ್ತವೆ ಎನ್ನಲಾಗುತ್ತಿದ್ದ ಮೇಜಿನ ಮೇಲೆ ಮೆದುವಾದ ಅಂಟಿನಿಂದ ಕೂಡಿಸಿದ ರಟ್ಟಿನ ಪದರಗಳನ್ನಿಟ್ಟು, ಅವುಗಳ ಮೇಲೆ ಜನರ ಕೈಗಳನ್ನು ಇಡಿಸಿದನು. ಮೇಜು ತಾನಾಗಿ ತಿರುಗಿ ಕೈಯನ್ನು ಎಳೆದಿದ್ದರೆ ಕೆಳಗಿನ ಪದರ ಮುಂದೆ ಸರಿದಿರಬೇಕಿತ್ತು; ಸರಿದದ್ದು ಕೈಗೆ ಅಂಟಿಕೊಂಡಿದ್ದ ಮೇಲಿನ ಪದರ.

ಹಾಗಿದ್ದರೂ ‘ಅವರು ತೋರಿಸಿದ ಕಡೆ ನೀರು ಬಿತ್ತಲ್ಲ’ ಎಂಬ ಮಾತು ಉಳಿಯುತ್ತದೆ, ಮತ್ತು ವೈಜ್ಞಾನಿಕ ವಿಧಾನದ ನಿಜವಾದ ಕೆಲಸ ಆರಂಭವಾಗುವುದು ಆ ಮಾತಿನಿಂದಲೇ. ಗಟ್ಟಿ ಶಿಲೆಯ ಅರಸೀಕೆರೆ ಸೀಮೆಯಲ್ಲಿ ನೀರು ನದಿಯಂತೆ ಹರಿಯದೆ ಶಿಥಿಲಗೊಂಡ ಮೇಲ್ಪದರದಲ್ಲೂ ಅದರ ಕೆಳಗಿನ ಬಿರುಕುಗಳಲ್ಲೂ ಅಡಗಿರುವುದರಿಂದ, ಯಾರನ್ನೂ ಕೇಳದೆ ಕೊರೆದರೂ ಒಂದಷ್ಟು ಬಾವಿಗಳಲ್ಲಿ ನೀರು ಸಿಕ್ಕೇ ಸಿಗುತ್ತದೆ. ಒಂದು ಊರಿನಲ್ಲಿ ಸುಮ್ಮನೆ ಕೊರೆದ ಹತ್ತರಲ್ಲಿ ಆರು ಬಾವಿಗೆ ನೀರು ಬೀಳುವುದಾದರೆ, ಕಾಯಿ ಹಿಡಿದವರು ಹತ್ತರಲ್ಲಿ ಆರು ಗೆದ್ದರೆಂಬುದು ಯಾವ ಶಕ್ತಿಗೂ ಸಾಕ್ಷಿಯಾಗುವುದಿಲ್ಲ. ಲೆಕ್ಕದಲ್ಲಿ ಸೋತವೂ ಸೇರಬೇಕು. ಆದರೆ ನೀರು ಬಿದ್ದ ಬೋರಿನ ಸುದ್ದಿ ಸಂತೆಯವರೆಗೆ ಹೋಗುತ್ತದೆ, ಫೇಲಾದ ಬೋರು ಹೊಲದ ಮೂಲೆಯಲ್ಲೇ ಮುಚ್ಚಿಹೋಗುತ್ತದೆ, ಅದರ ಸಾಲ ಮಾತ್ರ ರೈತನ ಬಳಿ ಉಳಿಯುತ್ತದೆ.

ಈ ಗೊಂದಲವನ್ನು ಬಿಡಿಸಲು ಜರ್ಮನಿಯ ಕಾಸೆಲ್ ನಗರದಲ್ಲಿ 1990ರಲ್ಲಿ ನಡೆದ ಪರೀಕ್ಷೆಯೊಂದು ಮಾದರಿಯಂತಿದೆ. ನೆಲದಲ್ಲಿ 50 ಸೆಂಟಿಮೀಟರ್ ಆಳಕ್ಕೆ ಪ್ಲಾಸ್ಟಿಕ್ ಕೊಳವೆ ಹೂಳಿ, ಅದರಲ್ಲಿ ನೀರು ಹರಿಯುತ್ತಿದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುವಂತೆ ಸುಮಾರು 30 ಮಂದಿ ನೀರು ನೋಡುವವರನ್ನು ಕೇಳಲಾಯಿತು. ಷರತ್ತುಗಳನ್ನು ಅವರೂ ಮೊದಲೇ ಒಪ್ಪಿಕೊಂಡಿದ್ದರು. ನೀರು ಬಿಟ್ಟಿರುವುದು ಗೊತ್ತಿದ್ದಾಗ ಅವರ ಕಡ್ಡಿಗಳು ಸರಿಯಾಗಿಯೇ ಬಾಗಿದವು. ಗೊತ್ತಿಲ್ಲದಂತೆ ಮಾಡಿದ ಮೇಲೆ ಬಂದ ಫಲಿತಾಂಶ, ನಾಣ್ಯ ಚಿಮ್ಮಿ ಹೇಳಿದರೆ ಬರುವಷ್ಟೇ ಆಗಿತ್ತು. ಪರೀಕ್ಷೆಗೆ ಒಳಗಾದವರಿಗೂ ಅವರ ಪಕ್ಕದಲ್ಲಿ ನಿಂತು ಬರೆದುಕೊಳ್ಳುವವರಿಗೂ ಸರಿಯುತ್ತರ ತಿಳಿಯದಂತೆ ಏರ್ಪಡಿಸುವ ಈ ಬಗೆಯನ್ನು ಡಬಲ್ ಬ್ಲೈಂಡ್ ಪರೀಕ್ಷೆ ಎನ್ನುತ್ತಾರೆ. ಬರೆಯುವವನ ಮುಖಭಾವವೂ ಸುಳಿವು ಕೊಡಬಲ್ಲದೆಂಬ ಎಚ್ಚರ ಅದರ ಹಿಂದಿದೆ.

ಕರ್ನಾಟಕಕ್ಕೆ ಈ ಶಿಸ್ತು ಹೊಸತೇನಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಪರೀಕ್ಷೆಗೆ ಸಿಗುವ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿಯೊಂದನ್ನು ರಚಿಸಿ, ಸಮಿತಿ ಒಪ್ಪುವ ಷರತ್ತುಗಳಡಿ ಪವಾಡ ತೋರಿಸಬೇಕೆಂದು ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಆ ಪ್ರಸಂಗ ಎಬ್ಬಿಸಿದ ಗದ್ದಲದಲ್ಲಿ ಸಮಿತಿಯ ಹೆಸರಿನಲ್ಲಿದ್ದ ‘ಪರೀಕ್ಷೆಗೆ ಸಿಗುವ’ ಎಂಬ ಮಾತು ಮರೆಯಾಗಿಹೋಯಿತು, ಅದೇ ಅತ್ಯಂತ ಬೆಲೆಯುಳ್ಳದ್ದಾಗಿದ್ದರೂ. ದೇವರಿದ್ದಾನೆಯೇ ಎಂಬ ಪ್ರಶ್ನೆ ಆ ವ್ಯಾಪ್ತಿಗೆ ಬರುವುದಿಲ್ಲ, ಮಾಲೇಕಲ್ಲಿನ ಮೆಟ್ಟಿಲೇರುವ ಭಕ್ತನ ಹರಕೆಯೂ ಬರುವುದಿಲ್ಲ. ಇಂಥ ಜಾಗದಲ್ಲಿ ಇಷ್ಟು ಅಡಿಗೆ ನೀರಿದೆ ಎಂಬ ಮಾತು ಖಂಡಿತ ಬರುತ್ತದೆ.

ಅಂಥ ಜಾಗ ಗುರುತಿಸಲು ಭೂವಿಜ್ಞಾನಿಗಳು ನೆಲಕ್ಕೆ ಕಂಬಿಗಳನ್ನು ನೆಟ್ಟು ವಿದ್ಯುತ್ ಹಾಯಿಸಿ, ಮಣ್ಣು ಮತ್ತು ಶಿಲೆಗಳು ಅದಕ್ಕೆ ಒಡ್ಡುವ ತಡೆಯನ್ನು ಅಳೆದು ಬಿರುಕುಗಳನ್ನು ಅಂದಾಜು ಮಾಡುತ್ತಾರೆ. ಅವರ ಅಂದಾಜೂ ತಪ್ಪುವುದುಂಟು, ಆದ್ದರಿಂದ ಯಂತ್ರವಿದೆಯೆಂಬ ಒಂದೇ ಕಾರಣಕ್ಕೆ ಅವರಿಗೆ ರಿಯಾಯಿತಿ ಸಲ್ಲದು. ವ್ಯತ್ಯಾಸವೆಂದರೆ, ಅವರ ಅಳತೆಯನ್ನು ಇನ್ನೊಬ್ಬರು ಅದೇ ಜಾಗದಲ್ಲಿ ಮತ್ತೆ ತೆಗೆದು ತಾಳೆ ನೋಡಬಹುದು. ಕಾಯಿ ಹಿಡಿಯುವವರಿಗೂ ಇದೇ ಅವಕಾಶ ಕೊಡಲು ವಿಶ್ವವಿದ್ಯಾಲಯವೇ ಬೇಕೆಂದಿಲ್ಲ. ಬೋರ್ ಕೊರೆಸಲು ಹೊರಟ ರೈತರು ಪಾಯಿಂಟ್ ನೋಡುವ ಇಬ್ಬರನ್ನು ಒಬ್ಬರಿಗೊಬ್ಬರು ಕಾಣದಂತೆ ಬೇರೆ ಬೇರೆ ದಿನ ಕರೆಸಿ, ಮೊದಲನೆಯವರು ನೆಟ್ಟ ಕಲ್ಲನ್ನು ಅಳತೆ ಬರೆದುಕೊಂಡು ಕಿತ್ತಿಟ್ಟು, ಎರಡನೆಯವರ ಗುರುತು ಎಷ್ಟು ಅಡಿ ದೂರದಲ್ಲಿ ಬೀಳುತ್ತದೆಂದು ನೋಡಲಿ. ಬಳಿಕ ಅದೇ ಮೊದಲನೆಯವರನ್ನು ಕಣ್ಣಿಗೆ ಬಟ್ಟೆ ಕಟ್ಟಿ ಇನ್ನೊಂದು ದಿಕ್ಕಿನಿಂದ ಮತ್ತೊಮ್ಮೆ ನಡೆಸಲಿ. ಲಾರಿಗೆ ಮುಂಗಡ ಕೊಡುವುದು ಆಮೇಲಿರಲಿ.