ನಿಮಗಿದು ಗೊತ್ತೇ? ಕಂಬಕ್ಕೆ ಕೊಂಡಿ, ಕೋರ್ಟಿಗೆ ದಾರಿ

ಕಂಬದ ತಂತಿಗೆ ಕೊಂಡಿ ಹಾಕಿ ಕರೆಂಟು ಎಳೆದುಕೊಂಡರೆ ಏನಾಗುತ್ತದೆ, ಗೊತ್ತೇ? 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನಂತೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. 2007ರ ತಿದ್ದುಪಡಿಯ ನಂತರ ಇದು ಜಾಮೀನುರಹಿತ ಅಪರಾಧ. ಜಾಮೀನು ನಿಮ್ಮ ಹಕ್ಕಲ್ಲ, ಕೋರ್ಟು ಮನಸ್ಸು ಮಾಡಿ ಕೊಡಬೇಕು.

ಕೊಂಡಿ ಹಾಕಿದರೆ ಮಾತ್ರ ಕಳ್ಳತನ ಎಂದುಕೊಳ್ಳಬೇಡಿ. ಮೀಟರಿಗೆ ಬೈಪಾಸ್ ತಂತಿ ಕೊಡುವುದು, ಸೀಲು ಒಡೆದು ಒಳಗೆ ಕೈಯಾಡಿಸುವುದು, ಮೀಟರನ್ನು ಸುಟ್ಟು ಹಾಳು ಮಾಡುವುದು, ಕೈಯಾಡಿಸಿದ ಮೀಟರಿನಿಂದಲೇ ಗೊತ್ತಿದ್ದೂ ಕರೆಂಟು ಬಳಸುವುದು, ಎಲ್ಲವೂ ಅದೇ ಕಲಮಿನೊಳಗೆ ಬರುತ್ತವೆ.

ಬಾಡಿಗೆ ಮನೆಯವರು ಇದನ್ನು ಎರಡು ಸಲ ಓದಿ. ಮೀಟರಿನ ಬಳಿ ಅಕ್ರಮ ಸಂಪರ್ಕ ಕಂಡರೆ, ಅದನ್ನು ಬಳಕೆದಾರನೇ ದುರುದ್ದೇಶದಿಂದ ಮಾಡಿದ್ದಾನೆ ಎಂದು ಕಾನೂನು ಮೊದಲೇ ಭಾವಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊರೆ ಬಳಕೆದಾರನದು. ಸಾಮಾನ್ಯವಾಗಿ ಆರೋಪ ಹೊರಿಸಿದವರೇ ಸಾಬೀತು ಮಾಡಬೇಕು. ಇಲ್ಲಿ ಲೆಕ್ಕ ತಿರುಗಿದೆ. ಇದು ಕಠಿಣವಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಕಾನೂನು ಹೀಗಿದೆ. ಆದ್ದರಿಂದ ಹೊಸ ಮನೆಗೆ ಕಾಲಿಟ್ಟ ದಿನವೇ ಮೀಟರಿನ ಸೀಲು ನೋಡಿ, ಆರ್‌.ಆರ್. ನಂಬರ್ (ನಿಮ್ಮ ಸಂಪರ್ಕದ ಗುರುತು ಸಂಖ್ಯೆ) ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ಸೀಲು ಒಡೆದಿದ್ದರೆ ವಿದ್ಯುತ್ ಕಂಪನಿಯ (ಎಸ್ಕಾಂ) ಉಪವಿಭಾಗದ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ.

ಹಬ್ಬ, ಮದುವೆಗೆ ಸೀರಿಯಲ್ ಸೆಟ್ ಕಟ್ಟಿಸುವಾಗಲೂ ಕರೆಂಟು ಎಲ್ಲಿಂದ ಎಂದು ಕೇಳಿ. 2023ರ ದೀಪಾವಳಿಯಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರ ಮನೆಯ ಅಲಂಕಾರದ ದೀಪಗಳಿಗೆ ಕಂಬದಿಂದ ನೇರ ಸಂಪರ್ಕ ಕೊಟ್ಟದ್ದಕ್ಕೆ ಬೆಸ್ಕಾಂ ಪ್ರಕರಣ ದಾಖಲಿಸಿತು. ಅಲಂಕಾರ ಮಾಡಿದವರು ಮಾಡಿದ ತಪ್ಪು ಎಂದ ಅವರು 68,526 ರೂಪಾಯಿ ಕಟ್ಟಿ, ಬಿಲ್ಲಿನ ಲೆಕ್ಕಕ್ಕೆ ಆಕ್ಷೇಪ ಎತ್ತಿದರು. ಪೆಂಡಾಲು ಹಾಕುವ ಮುಂಚೆ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಕೊಟ್ಟರೆ ಈ ರಗಳೆಯೇ ಇರುವುದಿಲ್ಲ.

ದಂಡದ ಲೆಕ್ಕ ಹೀಗಿದೆ. ಮೊದಲ ಸಲ ತಪ್ಪಿತಸ್ಥ ಎಂದಾದರೆ ಕಳ್ಳತನದಿಂದ ಆದ ಲಾಭದ ಕನಿಷ್ಠ ಮೂರು ಪಟ್ಟು, ಮತ್ತೆ ಸಿಕ್ಕಿಬಿದ್ದರೆ ಕನಿಷ್ಠ ಆರು ಪಟ್ಟು. 20,000 ರೂಪಾಯಿಯ ಕರೆಂಟು ಕದ್ದವನಿಗೆ ದಂಡವೇ 60,000 ಆಯಿತು; ಕದ್ದ ಕರೆಂಟಿನ ಬಾಕಿ ಬೇರೆ. ಲೋಡು 10 ಕಿಲೋವಾಟ್ ದಾಟಿದ್ದು ಎರಡನೇ ಸಲ ಶಿಕ್ಷೆಯಾದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು.

ರಾಜಿಗೆ ದಾರಿಯಿದೆ, ಆದರೆ ಒಬ್ಬರಿಗೆ ಒಂದೇ ಸಲ. 152ನೇ ಕಲಮಿನ ಕೋಷ್ಟಕದಲ್ಲಿ ಕಿಲೋವಾಟಿಗೆ ಕೃಷಿಗೆ 2,000, ಅಂಗಡಿ ಮುಂಗಟ್ಟಿಗೆ 10,000, ಕೈಗಾರಿಕೆಗೆ 20,000, ಮನೆಯಂಥ ಉಳಿದವಕ್ಕೆ 4,000 ರೂಪಾಯಿ. ರಾಜಿ ಶುಲ್ಕ ಒಪ್ಪಿಕೊಂಡರೆ ಅದು ಖುಲಾಸೆಗೆ ಸಮ.

ನಿಮ್ಮ ಪರವಾಗಿಯೂ ಕಾನೂನು ಮಾತಾಡುತ್ತದೆ. ಕಳ್ಳತನ ಕಂಡೊಡನೆ ಸಂಪರ್ಕ ಕಡಿಯಬಹುದು, ಆದರೆ 24 ಗಂಟೆಯೊಳಗೆ ಪೊಲೀಸರಿಗೆ ಲಿಖಿತ ದೂರು ಹೋಗಲೇಬೇಕು. ನಿಗದಿ ಮಾಡಿದ ಹಣ ಕಟ್ಟಿದರೆ 48 ಗಂಟೆಯೊಳಗೆ ಲೈನು ಮತ್ತೆ ಕೊಡಬೇಕು. ಜಪ್ತಿಯಾದ ವಸ್ತುಗಳ ಪಟ್ಟಿ ನಿಮ್ಮ ಕೈಗೆ ಬರಬೇಕು. ಸೂರ್ಯ ಮುಳುಗಿ ಮತ್ತೆ ಹುಟ್ಟುವವರೆಗೆ, ಆ ಮನೆಯಲ್ಲಿ ವಾಸವಿರುವ ವಯಸ್ಕ ಗಂಡಸು ಹಾಜರಿಲ್ಲದೆ ವಾಸದ ಮನೆಯನ್ನು ಶೋಧಿಸುವಂತಿಲ್ಲ. ಹೆಂಗಸರೇ ಇರುವ ಮನೆಗಳು ಇದನ್ನು ಅಗತ್ಯವಾಗಿ ನೆನಪಿಡಬೇಕು.

ಮನೆಯ ಮೀಟರಿನಿಂದ ಪಕ್ಕದ ಸೈಟಿನ ಕಟ್ಟಡದ ಕೆಲಸಕ್ಕೋ ಮುಂದಿನ ಅಂಗಡಿಗೋ ತಂತಿ ಎಳೆದರೆ? ಮೀಟರು ಓಡುತ್ತಲೇ ಇದ್ದರೂ 126ನೇ ಕಲಮಿನಂತೆ ಅದು ಅನಧಿಕೃತ ಬಳಕೆ, ದರ ಎರಡು ಪಟ್ಟು. ಎಂದಿನಿಂದ ಎಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ ಲೆಕ್ಕ. ಅಂತಿಮ ಆದೇಶ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬಹುದು, ಅರ್ಧ ಹಣ ಕಟ್ಟಿ.

ಕಣ್ಣಿಗೆ ಕಾಣದ ಕರೆಂಟನ್ನು ಕದಿಯಲು ಆಗುತ್ತದೆಯೇ ಎಂದು ಯುರೋಪಿನ ಕೋರ್ಟುಗಳು ತಲೆ ಕೆಡಿಸಿಕೊಂಡಿದ್ದವು. ಕರೆಂಟು ವಸ್ತುವಲ್ಲ, ಹಾಗಾಗಿ ಕಳ್ಳತನವಲ್ಲ ಎಂದು ಜರ್ಮನಿಯ ಸರ್ವೋಚ್ಚ ನ್ಯಾಯಾಲಯ ಹೇಳಿದ್ದರಿಂದ 1900ರಲ್ಲಿ ಅಲ್ಲಿ ಬೇರೆ ಕಾನೂನೇ ಬಂತು. ನೆದರ್‌ಲ್ಯಾಂಡ್ಸಿನ ಹೇಗ್ ನಗರದ ದಂತವೈದ್ಯನೊಬ್ಬ ಹೆಣಿಗೆ ಕಡ್ಡಿ ತೂರಿಸಿ ಮೀಟರಿನ ಚಕ್ರ ನಿಲ್ಲಿಸಿದ್ದ. 1921ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದು ಕಳ್ಳತನವೇ ಎಂದಿತು. ಭಾರತದಲ್ಲಿ 1910ರ ವಿದ್ಯುತ್ ಕಾಯ್ದೆಯೇ ಇದನ್ನು ತೀರ್ಮಾನಿಸಿತ್ತು.

ಹಂದಿ ಬರುತ್ತದೆಂದು ಹೊಲದ ಬೇಲಿಗೆ ಲೈನಿನಿಂದ ನೇರ ಕರೆಂಟು ಹರಿಸುವುದು ಎಲ್ಲಕ್ಕಿಂತ ಘೋರ. ಸೋಲಾರ್ ಬೇಲಿ ಕ್ಷಣ ಹೊಡೆದು ಬಿಡುತ್ತದೆ, 230 ವೋಲ್ಟಿನ ತಂತಿ ಬಿಡುವುದಿಲ್ಲ. ಕೊಡಗು, ಹಾಸನ, ಚಾಮರಾಜನಗರದ ಕಾಡಂಚಿನಲ್ಲಿ ಆನೆಗಳು ಇದರಿಂದ ಸತ್ತಿವೆ. ಆನೆ ಸತ್ತರೆ ವಿದ್ಯುತ್ ಕಳವಿನ ಜೊತೆಗೆ ವನ್ಯಜೀವಿ ಕಾಯ್ದೆಯಡಿ ಮೂರರಿಂದ ಏಳು ವರ್ಷ ಜೈಲು. ನೀರು ಕಟ್ಟಲು ರಾತ್ರಿ ಹೊರಟ ಪಕ್ಕದ ಹೊಲದವನು ಸತ್ತರೆ ನರಹತ್ಯೆಯ ಪ್ರಕರಣವೇ ಬೀಳಬಹುದು.

ಇನ್ನು ಗ್ಯಾಸು. ಕೊಳವೆಯಲ್ಲಿ ಬರುವ ಅಡುಗೆ ಅನಿಲವನ್ನು ಮೀಟರು ತಪ್ಪಿಸಿ ಎಳೆದರೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಮಾಮೂಲಿ ಕಳ್ಳತನ, ಮೂರು ವರ್ಷದವರೆಗೆ ಜೈಲು. ಸಿಲಿಂಡರಿನದು ಇನ್ನೂ ಬಿಗಿ: ಮನೆಬಳಕೆಯ 14.2 ಕೆ.ಜಿ. ಸಿಲಿಂಡರನ್ನು ಹೋಟೆಲಿಗೆ ಬಳಸುವುದು, ಅದರಿಂದ ಆಟೋಗೋ ಸಣ್ಣ ಸಿಲಿಂಡರಿಗೋ ಗ್ಯಾಸು ತುಂಬಿ ಮಾರುವುದು 2000ದ ಎಲ್‌ಪಿಜಿ ಆದೇಶಕ್ಕೆ ವಿರುದ್ಧ. ಇದಕ್ಕೆ 1955ರ ಅವಶ್ಯಕ ವಸ್ತುಗಳ ಕಾಯ್ದೆಯಡಿ ಮೂರು ತಿಂಗಳಿಂದ ಏಳು ವರ್ಷದವರೆಗೆ ಜೈಲು, ದಂಡ. ಹೋಟೆಲಿಗೆಂದೇ 19 ಕೆ.ಜಿ. ಸಿಲಿಂಡರು ಬೇರೆ ಇದೆ.

ಹೀಗೆ ಕದ್ದ ಗ್ಯಾಸು ಎಷ್ಟೋ ಸಲ ನಿಮ್ಮ ಸಿಲಿಂಡರಿನದೇ ಆಗಿರುತ್ತದೆ. ತಂದುಕೊಡುವವರು ತಕ್ಕಡಿ ಇಟ್ಟುಕೊಂಡಿರಬೇಕು, ಕೇಳಿದರೆ ನಿಮ್ಮೆದುರೇ ತೂಗಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ. 15.3 ಎಂದಿದ್ದರೆ ತಕ್ಕಡಿ 29.5 ಕೆ.ಜಿ. ತೋರಿಸಬೇಕು. ಕಡಿಮೆ ಬಂದರೆ, ಅಥವಾ ಸೀಲು ಸಡಿಲವಾಗಿದ್ದರೆ, ಆ ಸಿಲಿಂಡರನ್ನು ಒಳಗೆ ತೆಗೆದುಕೊಳ್ಳದೆ ಬದಲಿ ಕೇಳಿ.